ನಲ್ಲಿಯ ಮೇಲೆ ಹೆಜ್ಜೇನು

ಹೆಜ್ಜೇನು ನಮ್ಮ ಅಂಗಳಕ್ಕೆ ಬಂದದ್ದು ಒಂದು ಭಾನುವಾರ. ಶಿವರಾತ್ರಿ ಮುಗಿದು ಬಿಸಿಲು ಬಲಿಯತೊಡಗಿತ್ತು. ನಾನು ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದೆ. ಬೈಪಾಸಿನಲ್ಲಿ ಲೋಡು ಲಾರಿ ಏರು ಹತ್ತುವಾಗ ಬರುವಂಥ ಸದ್ದು ಕೇಳಿಸಿತು. ಲಾರಿಯ ಸದ್ದಾದರೆ ಸ್ವಲ್ಪ ಹೊತ್ತಿಗೆ ದೂರವಾಗುತ್ತದೆ. ಇದು ದೂರವಾಗಲಿಲ್ಲ, ಹತ್ತಿರ ಬಂದು ನೆತ್ತಿಯ ಮೇಲೆಯೇ ನಿಂತುಬಿಟ್ಟಿತು. ತಲೆಯೆತ್ತಿದರೆ ಬೇವಿನ ಮರದ ಸುತ್ತ ಆಕಾಶವೇ ಕಪ್ಪಗೆ ಅಲುಗಾಡುತ್ತಿತ್ತು. ಸೋಪಿನ ಕೈಯಲ್ಲೇ ಒಳಗೆ ಓಡಿ ಬಾಗಿಲು ಹಾಕಿಕೊಂಡೆ. ಅರ್ಧ ಗಂಟೆ ಬಿಟ್ಟು ಕಿಟಕಿಯಿಂದ ನೋಡಿದಾಗ ನಲ್ಲಿಯ ನೇರಕ್ಕೆ ಮೇಲಿದ್ದ ಕೊಂಬೆಗೆ ಯಾರೋ ಕರಿಯ ಗೋಣಿಚೀಲ ತೂಗುಹಾಕಿದ ಹಾಗೆ ಹುಳಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಜೋತುಬಿದ್ದಿದ್ದವು.

ಗಂಡ ಮೊದಲ ಶಿಫ್ಟು ಮುಗಿಸಿ ಬಂದವನು ಗೇಟಿನಲ್ಲೇ ನಿಂತು ಮೇಲೆ ನೋಡಿದ. ಅವನು ಉಕ್ಕಿನ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್. ಯಾವುದನ್ನು ಮುಟ್ಟಬಾರದು ಎನ್ನುವುದು ಅವನಿಗೆ ನೋಡಿದ ಕೂಡಲೇ ತಿಳಿಯುತ್ತದೆ. ಗೋಡೆಗೆ ಆತುಕೊಂಡೇ ಒಳಗೆ ಬಂದ.

"ಹೆಜ್ಜೇನು ಇದು. ಸಣ್ಣದಲ್ಲ. ಮ್ಯಾಲಿನವರಿಗೆ ಹೇಳಿ ಇವತ್ತೇ ತೆಗಸಬೇಕು," ಅಂದ.

ಮೇಲಿನವರೆಂದರೆ ಮನೆ ಮಾಲೀಕರು. ಹೊಸಪೇಟೆಯಿಂದ ಮಲಪನಗುಡಿ ಕಡೆ ಹೋಗುವ ರಸ್ತೆಗೆ ತಾಗಿದ ಬಡಾವಣೆಯಲ್ಲಿ ಆ ಮನೆ. ಮಾಲೀಕರು ಒಂದು ಕಾಲದಲ್ಲಿ ಸಂಡೂರಿನ ಗುಡ್ಡಗಳಿಂದ ಅದಿರು ಸಾಗಿಸುವ ಲಾರಿಗಳನ್ನು ಇಟ್ಟುಕೊಂಡಿದ್ದವರು. ಆ ದುಡಿಮೆಯಲ್ಲಿ ಎರಡಂತಸ್ತು ಕಟ್ಟಿಸಿ, ಮೇಲೆ ತಾವು ಗಂಡ ಹೆಂಡತಿ ಇದ್ದು ಕೆಳಗಿನದನ್ನು ಬಾಡಿಗೆಗೆ ಕೊಟ್ಟಿದ್ದರು. ನಾನು ಕಂಪ್ಲಿ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಇಬ್ಬರಿಗೂ ಬಸ್ಸು ಸುಲಭವಾಗಲಿ ಎಂದು ಮದುವೆಯಾದ ಹೊಸದರಲ್ಲಿ ಆ ಮನೆ ಹಿಡಿದಿದ್ದೆವು.

ಮನೆ ಕೇಳಲು ಹೋದಾಗ ಮಾಲೀಕರು, "ನೀವು ಯಾವ ಪೈಕಿ?" ಎಂದು ಕೇಳಿದ್ದರು. ನನ್ನ ಗಂಡ, "ನಾವು ಬೌದ್ಧರ್ರಿ" ಅಂದಿದ್ದ. ಸುಳ್ಳೇನಲ್ಲ. ಅವರು ಅದನ್ನು ಏನೆಂದು ತಿಳಿದುಕೊಂಡರೋ, ಹಂಪಿಗೆ ಬರುವ ವಿದೇಶದ ಮಂದಿಯ ಯಾವುದೋ ಪಂಥ ಅಂದುಕೊಂಡರೋ ಏನೋ, ತಲೆಯಾಡಿಸಿ ಬೀಗದ ಕೈ ಕೊಟ್ಟರು. ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಇದ್ದರು. ಮಾಲೀಕರ ಹೆಂಡತಿ ಸಂಜೆ ಅಂಗಳಕ್ಕೆ ಇಳಿದು ಬಂದು ನಮ್ಮ ಕಿಟಕಿಯ ಹತ್ತಿರದ ಕರಿಬೇವು ಕಿತ್ತುಕೊಂಡು ನಾಲ್ಕು ಮಾತಾಡಿ ಹೋಗುತ್ತಿದ್ದರು. ನಾನು ಅವರನ್ನು ಆಂಟಿ ಎಂದು ಕರೆಯುತ್ತಿದ್ದೆ.

ಆಮೇಲೆ ಒಂದು ದಿನ ನನ್ನ ತವರೂರು ಮೆಟ್ರಿಯಿಂದ ಅವ್ವ ಬಂದಳು. ಬೇರೆಯವರ ಗದ್ದೆಯಲ್ಲಿ ನಾಟಿ ಹಚ್ಚಿ, ಕಳೆ ತೆಗೆದು ನನ್ನನ್ನು ಓದಿಸಿದವಳು ಅವಳು. ಮೆಟ್ಟಿಲ ಮೇಲೆ ಮಾಲೀಕರ ಹೆಂಡತಿ ಕಂಡ ಕೂಡಲೇ ಕೂತಲ್ಲಿಂದ ಎದ್ದು, ಸೆರಗು ಮೈತುಂಬ ಎಳೆದುಕೊಂಡು, "ಶರಣ್ರೀ ಅಮ್ಮಾರೆ" ಎಂದು ಕೈಮುಗಿದಳು. ಆಕೆ ಒಂದು ಕ್ಷಣ ಅವ್ವನನ್ನು ನೋಡಿ, "ಮೆಟ್ರ್ಯಾಗ ಯಾವ ಓಣಿ ನಿಮ್ಮದು?" ಎಂದು ಕೇಳಿದರು. ಅವ್ವ ಹೇಳಿದಳು. ಅವಳಿಗೆ ಮುಚ್ಚಿಡುವುದು ಏನೂ ಇರಲಿಲ್ಲ.

ಮಾರನೆಯ ದಿನದಿಂದ ಆ ಹೆಂಗಸು ಅಂಗಳಕ್ಕೆ ಇಳಿಯಲಿಲ್ಲ. ಕರಿಬೇವು ಸಂತೆಯಿಂದ ತರಿಸತೊಡಗಿದರು. ನಾವು ಬಟ್ಟೆ ಹರವುತ್ತಿದ್ದ ತಂತಿಗೆ ಅವರ ಬಟ್ಟೆ ಬರುವುದು ನಿಂತು ತಾರಸಿಯ ಮೇಲೆ ಬೇರೆ ತಂತಿ ಕಟ್ಟಿಸಿದರು. ನಮ್ಮ ಮನೆಯೊಳಗೆ ಬರುತ್ತಿದ್ದ ನೀರಿನ ಪೈಪು ಕಟ್ಟಿಕೊಂಡಾಗ ಎಷ್ಟು ಸಲ ಹೇಳಿದರೂ ರಿಪೇರಿ ಮಾಡಿಸಲಿಲ್ಲ. ಸ್ನಾನ, ಅಡುಗೆ, ಎಲ್ಲದಕ್ಕೂ ಅಂಗಳದ ನಲ್ಲಿಯಿಂದ ಹೊತ್ತು ತುಂಬಿಕೊಳ್ಳುವುದೇ ಆಯಿತು. ಮನೆ ಬಿಡಿ ಎಂದು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಹಾಗೆ ಹೇಳಿದರೆ ಕೇಸು ಗೀಸು ಆದೀತು ಎಂಬ ಹೆದರಿಕೆ ಮಾಲೀಕರಿಗಿತ್ತು. ನಾವಾಗಿಯೇ ಬೇಸತ್ತು ಹೋಗಲಿ ಎಂದು ಕಾಯುತ್ತಿದ್ದರು. ನಾವೂ ಹಟಕ್ಕೆ ಬಿದ್ದು ಕೂತಿದ್ದೆವು. ಆ ನಲ್ಲಿಯ ತಲೆಯ ಮೇಲೆಯೇ ಹೆಜ್ಜೇನು ಬಂದು ಕೂತಿತ್ತು.

ಸಂಜೆ ನಾವಿಬ್ಬರೂ ಮೆಟ್ಟಿಲು ಹತ್ತಿ ಅವರ ಬಾಗಿಲ ಹೊರಗೆ ನಿಂತೆವು. ಮಾಲೀಕರು ಬನಿಯನ್ನಿನಲ್ಲಿ ಹೊರಗೆ ಬಂದರು. ಒಳಗೆ ಕರೆಯಲಿಲ್ಲ.

"ಅಂಕಲ್, ಹೆಜ್ಜೇನು ಕುಂತೈತಿ, ನೀರಿಗೆ ಹೋಗಾಕ ಆಗವಲ್ದು. ಯಾರನ್ನರ ಕರಸಿ ತೆಗಸ್ರಿ," ಅಂದ ನನ್ನ ಗಂಡ.

ಮಾಲೀಕರು ಉತ್ತರ ಕೊಡುವ ಮೊದಲೇ ಒಳಗಿನಿಂದ ಆಕೆಯ ದನಿ ಬಂತು. "ಜೇನು ತಾನಾಗೇ ಮನಿಗೆ ಬಂದ್ರ ಲಕ್ಷ್ಮಿ ಬಂದಂಗ. ತೆಗಸಬಾರದು."

"ಕೇಳಿದ್ರಲ್ಲ," ಅಂದರು ಮಾಲೀಕರು. "ನಮ್ಮ ಮನಿಗೆ ಬಂದ ಭಾಗ್ಯ ಅದು. ನಾವು ಅದಕ್ಕ ಕೈ ಹಚ್ಚಂಗಿಲ್ಲ."

"ನಾವು ನೀರು ಹೆಂಗ ತರಬೇಕ್ರಿ?" ಎಂದೆ ನಾನು.

"ಅದಕ್ಕ ತೊಂದ್ರಿ ಕೊಡದಿದ್ರ ಅದೂ ತೊಂದ್ರಿ ಕೊಡಂಗಿಲ್ಲ, ಟೀಚರಮ್ಮ. ಅಷ್ಟರ ಮ್ಯಾಲೂ ನಿಮಗ ಅಂಜಿಕಿ ಇದ್ರ, ಊರಾಗ ಬ್ಯಾರೆ ಮನಿ ಏನು ಕಮ್ಮಿ ಇಲ್ಲ."

ಎಷ್ಟೋ ದಿನದಿಂದ ಹುಡುಕುತ್ತಿದ್ದ ದಾರಿ ತಾನಾಗಿ ಸಿಕ್ಕಂತೆ ಅವರ ಮುಖದಲ್ಲಿ ಒಂದು ನಗು ಬಂತು. ಗಂಡ ನನ್ನ ಮೊಣಕೈ ಹಿಡಿದು ಕೆಳಗೆ ಕರೆತಂದ.

ಕೆಲವೇ ದಿನಗಳಲ್ಲಿ ಹುಳಗಳ ನಡುವೆ ಬಿಳಿಯ ಮೇಣದ ಗೂಡು ಇಳಿಯತೊಡಗಿತು. ಮೊದಲು ಅಂಗೈಯಗಲ, ಆಮೇಲೆ ಮೊರದಗಲ. ಸಂಜೆಯಾದರೆ ಹುಳಗಳು ಗುಂಪಾಗಿ ಹಾರಿ, ಹಳದಿಯ ಹನಿ ಹನಿಯಾಗಿ ಹಿಕ್ಕೆ ಉದುರಿಸುತ್ತಿದ್ದವು. ಶಾಲೆಗೆ ಉಡುವ ನನ್ನ ತಿಳಿ ಬಣ್ಣದ ಸೀರೆಗಳ ಮೇಲೆ ಅರಿಸಿನ ಸಿಡಿಸಿದ ಹಾಗೆ ಕಲೆ. ಉಜ್ಜಿದರೂ ಹೋಗುತ್ತಿರಲಿಲ್ಲ. ಬಿಸಿಲು ಏರಿದ ಹಾಗೆ ಅವು ನಲ್ಲಿಗೂ ಇಳಿದವು. ತೊಟ್ಟಿಕ್ಕುವ ಬಾಯಿಯ ಸುತ್ತ, ಕಲ್ಲಿನ ತೇವದ ಮೇಲೆ, ಕೊಡದ ಅಂಚಿನಲ್ಲಿ, ಎಲ್ಲ ಕಡೆ ಹುಳ. ಕೊಡ ಎತ್ತುವಾಗ ಒಂದು ಹುಳ ಬೆರಳಿನ ಕೆಳಗೆ ಸಿಕ್ಕಿದರೂ ಮುಗಿಯಿತು. ಹಾಗಾಗಿ ನಸುಕಿನಲ್ಲಿ, ಅವು ಇನ್ನೂ ಹಾರಾಟ ಶುರುಮಾಡುವ ಮೊದಲು, ಇಬ್ಬರೂ ಸದ್ದು ಮಾಡದೆ ನೀರು ತುಂಬುತ್ತಿದ್ದೆವು. ಗಂಡ ಮೊದಲ ಶಿಫ್ಟಿಗೆ ಹೋಗುವ ವಾರ ನಾನೊಬ್ಬಳೇ. ಬಾಡಿಗೆ ಕೊಟ್ಟಿರುವ ಮನೆಯಲ್ಲಿ ಕಳ್ಳಿಯಂತೆ ನೀರು ತುಂಬಬೇಕಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ಏಳುವುದು ತಡವಾಯಿತು. ಬಸ್ಸಿಗೆ ಹೊತ್ತಾಗುತ್ತದೆಂದು ಬಿಸಿಲು ಬಿದ್ದ ಮೇಲೆ ನಲ್ಲಿಗೆ ಹೋದೆ. ಕೊಡ ಅರ್ಧ ತುಂಬುವಷ್ಟರಲ್ಲಿ ಎಡಗಣ್ಣಿನ ರೆಪ್ಪೆಗೆ ಕೆಂಡ ಒತ್ತಿದಂತಾಯಿತು. ಕೂಗಬಾರದೆಂದು ಹಲ್ಲು ಕಚ್ಚಿ ಒಳಗೆ ಬಂದೆ. ಶಾಲೆ ತಲುಪುವಷ್ಟರಲ್ಲಿ ಕಣ್ಣು ಮುಚ್ಚಿಹೋಗಿ ಮುಖದ ಅರ್ಧ ಬೇರೆ ಯಾರದೋ ಆಗಿತ್ತು. ಎರಡನೇ ತರಗತಿಯ ಮಕ್ಕಳು ಪಾಠ ಬಿಟ್ಟು ನನ್ನನ್ನೇ ನೋಡುತ್ತ ಕೂತವು. ಮುಖ್ಯೋಪಾಧ್ಯಾಯರು, "ಮನ್ಯಾಗ ಏನರ ಜಗಳ ಆತೇನಮ್ಮ?" ಎಂದು ಮೆಲ್ಲಗೆ ಕೇಳಿದರು. ನನ್ನ ಗಂಡ ಹೊಡೆದಿದ್ದಾನೆ ಅಂದುಕೊಂಡಿದ್ದರು. ಮಾಲೀಕರ ಮೇಲಿನ ಸಿಟ್ಟು ಅವತ್ತು ಇಮ್ಮಡಿಯಾಯಿತು. ಮುಖ ಕೆಡಿಸಿದವರು ಅವರು, ಕೆಟ್ಟ ಹೆಸರು ನನ್ನ ಗಂಡನಿಗೆ.

ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿದೆ. ಮನೆಯ ಮಾಲೀಕರು ಒಪ್ಪಿದರೆ ಬರುತ್ತೇವೆ ಎಂದರು. ಅವರ ಮಾತು ಸರಿಯೇ, ಮರ ನಮ್ಮದಲ್ಲ. ಕೊನೆಗೆ ಗಂಡ ತನ್ನ ಜೊತೆ ಕೆಲಸ ಮಾಡುವವರೊಬ್ಬರಿಂದ ಸಂಡೂರು ಕಡೆಯ ಜೇನು ಕೀಳುವವನ ನಂಬರು ಹಿಡಿದು ಕರೆಸಿದ. ಹಗ್ಗ, ಡಬ್ಬ, ಒಣ ಹುಲ್ಲಿನ ಸಿವುಡು ಹೊತ್ತುಕೊಂಡು ಅವನು ಸಂಜೆ ಗೇಟಿನ ಹತ್ತಿರ ಬಂದ. ಮೇಲಿನಿಂದ ಮಾಲೀಕರು ಕಂಡರು.

"ಏ, ಯಾರಲೇ ಅವ? ಯಾರನ್ನ ಕೇಳಿ ಗೇಟು ತಗದಿ?"

"ಕೆಳಗಿನ ಮನಿಯವ್ರು ಕರದಾರ್ರಿ. ಜೇನು ತಗಿಯಾಕ."

"ಕೆಳಗಿನ ಮನಿಯವ್ರಪ್ಪಂದಲ್ಲ ಮರ. ಒಂದು ಹುಳ ಮುಟ್ಟಿದ್ರೂ ಪೊಲೀಸರ್ನ ಕರಸ್ತೀನಿ. ನಡಿ ಹೊರಗ!"

ಅಪ್ಪ ಎಂಬ ಮಾತು ಬಂದ ಕೂಡಲೇ ನನ್ನ ಗಂಡ ಹೊರಗೆ ಹೋದ. "ಮಾತು ಸರಿ ಇರ್ಲಿ ಅಂಕಲ್. ನನ್ನ ಹೆಂಡ್ತಿ ಕಣ್ಣು ನೋಡ್ರಿ ಒಮ್ಮೆ."

"ಕಣ್ಣು ಕೆಟ್ರ ದವಾಖಾನಿ ಐತಿ. ಮರಕ್ಕ ಯಾಕ ಬರ್ತಿ?"

ಜೇನಿನವನು ಇಬ್ಬರ ಮುಖವನ್ನೂ ನೋಡಿ, "ನಿಮ್ಮ ಜಗಳದಾಗ ನಾ ಯಾಕ ಬರ್ಲಿ ಮಾರಾಯ್ರೆ," ಎಂದು ಡಬ್ಬ ಎತ್ತಿಕೊಂಡು ಹೊರಟೇಹೋದ. ಗಂಡ ಒಳಗೆ ಬಂದು ಗೋಡೆಗೆ ಒಂದು ಗುದ್ದು ಹಾಕಿದ. ಮನೆ ಬಿಡೋಣವೇ ಎಂದು ನಾನೇ ಕೇಳಿದೆ. "ಹುಳಕ್ಕ ಅಂಜಿ ಬಿಟ್ರು ಅಂತ ನಗ್ತಾರ. ಬಿಡಂಗಿಲ್ಲ," ಅಂದ. ನನಗೂ ಬಿಡುವ ಮನಸ್ಸಿರಲಿಲ್ಲ.

ಯುಗಾದಿ ಬಂತು, ಹೋಯಿತು. ಬೇವು ಹೂಬಿಟ್ಟಿತು, ಹುಳಗಳು ಇನ್ನಷ್ಟು ಹೆಚ್ಚಿದವು. ಆಗ ಮಾಲೀಕರ ಹೆಂಡತಿ ಶುಕ್ರವಾರಗಳಂದು ಅಂಗಳಕ್ಕೆ ಇಳಿಯತೊಡಗಿದರು. ಮರದ ಬುಡಕ್ಕೆ ಅರಿಸಿನದ ದಾರ ಸುತ್ತಿ, ಹಾಲೆರೆದು, ಊದುಬತ್ತಿ ಹಚ್ಚಿ ಕೈಮುಗಿದು ಹೋಗುವುದು. ಬುಡಕ್ಕೆ ಹೋಗಬೇಕಾದರೆ ನಾವು ಬಟ್ಟೆ ಒಗೆಯುವ ಕಲ್ಲನ್ನು ದಾಟಬೇಕು. ಮೊದಲ ಶುಕ್ರವಾರ ನಾನು ಕಿಟಕಿಯಲ್ಲಿದ್ದೆ. ಆಕೆ ಕಲ್ಲಿನ ಹತ್ತಿರ ಬಂದವರು ನಿಂತು, ತಂದಿದ್ದ ಚೊಂಬಿನಿಂದ ಅದರ ಮೇಲೆ ನೀರು ಚಿಮುಕಿಸಿ, ಏನೋ ಅಂದುಕೊಂಡು, ಆಮೇಲೆ ಕಾಲಿಟ್ಟರು. ಚೊಂಬಿನಲ್ಲಿದ್ದದ್ದು ಬರಿಯ ನೀರಲ್ಲ. ಗೋಮೂತ್ರದ ವಾಸನೆ ನನ್ನ ಕಿಟಕಿಗೆ ಬಂತು.

ನಾನು ಬಾಗಿಲು ತೆಗೆದು ಹೊಸ್ತಿಲ ಮೇಲೆ ನಿಂತೆ.

"ಏನ್ ಮಾಡ್ಲಿಕತ್ತೀರಿ ಆಂಟಿ?"

"ಪೂಜಿ."

"ಪೂಜಿ ಮರಕ್ಕೋ ಕಲ್ಲಿಗೋ?"

ಆಕೆ ನನ್ನ ಕಡೆ ತಿರುಗಲಿಲ್ಲ. "ಮಡಿ ಮಾಡ್ಕಂಡು ಹೋಗಬೇಕಲ್ಲ," ಅಂದರು, ಮರಕ್ಕೆ ಹೇಳಿದ ಹಾಗೆ.

"ಆ ಕಲ್ಲಿನ ಮ್ಯಾಲೆ ನಾನು ದಿನಾ ಬಟ್ಟಿ ಒಗಿತೀನಿ. ಸೋಪು ಹಾಕಿ ತಿಕ್ಕಿ ತಿಕ್ಕಿ ತೊಳೀತೀನಿ. ಅದು ನಿಮ್ಮ ಮನಿ ನೆಲಕ್ಕಿಂತ ಸ್ವಚ್ಛ ಐತಿ."

"ಜೋರು ಮಾತಾಡಬ್ಯಾಡ್ರಿ. ಹುಳ ಏಳ್ತಾವ."

"ಏಳ್ಲಿ!"

ಅಷ್ಟು ಹೇಳಿ ಬಾಗಿಲು ಬಡಿದೆ. ನಿಜಕ್ಕೂ ಏಳಲಿ ಎಂದೇ ನನ್ನ ಮನಸ್ಸಿನಲ್ಲಿತ್ತು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ನನಗೆ ಅಂದೂ ಕಾಣಲಿಲ್ಲ, ಇಂದೂ ಕಾಣುವುದಿಲ್ಲ. ಆಕೆ ಪ್ರತಿ ಶುಕ್ರವಾರ ಹಾಗೆಯೇ ಮಾಡಿದರು. ಆಕೆ ಹೋದ ಮೇಲೆ ನಾನು ಆ ಕಲ್ಲನ್ನು ಬ್ರಷ್ಷು ಹಾಕಿ ತೊಳೆದೆ. ಇಬ್ಬರೂ ಒಂದೇ ಕಲ್ಲನ್ನು ಒಬ್ಬರ ನಂತರ ಒಬ್ಬರು ತೊಳೆಯುತ್ತಿದ್ದೆವು.

ಬೇಸಿಗೆ ರಜೆ ಶುರುವಾಗಿ ನಾನು ಮನೆಯಲ್ಲಿದ್ದ ಒಂದು ಶುಕ್ರವಾರ ಹುಳಗಳು ಎದ್ದವು. ಮಾಲೀಕರು ಯಾವುದೋ ಕೆಲಸಕ್ಕೆ ಸಂಡೂರಿಗೆ ಹೋಗಿದ್ದರು. ಗಂಡ ಶಿಫ್ಟಿನಲ್ಲಿದ್ದ. ಆಕೆ ಬುಡದಲ್ಲಿ ಕೂತು ಊದುಬತ್ತಿ ಹಚ್ಚುತ್ತಿದ್ದರು. ನಾನು ಬಾಗಿಲ ಹತ್ತಿರ ಕೂತು ಅಕ್ಕಿ ಆರಿಸುತ್ತಿದ್ದೆ. ಆಗ ಎಲ್ಲಿಂದಲೋ ಹದ್ದಿನಂಥ ದೊಡ್ಡ ಹಕ್ಕಿಯೊಂದು ಬಂದು ಗೂಡಿಗೆ ಎರಗಿತು. ಗೂಡಿನ ಒಂದು ತುಂಡನ್ನು ಕಾಲಲ್ಲಿ ಹರಿದುಕೊಂಡು ಹಾರಿತು. ಉಳಿದ ಚೂರು ಆಕೆಯ ಮುಂದೆಯೇ ಪಟ್ಟನೆ ಬಿತ್ತು.

ಆಮೇಲೆ ಬಂದ ಸದ್ದನ್ನು ಹೇಗೆ ಹೇಳಬೇಕೋ ತಿಳಿಯದು. ಬೆಳಕೇ ಮಂಕಾಯಿತು. ಆಕೆ ಎದ್ದು ಮೆಟ್ಟಿಲ ಕಡೆ ಓಡಿದರು. ಮೆಟ್ಟಿಲು ಇರುವುದು ಮರದ ಆಚೆ, ಹುಳದ ಮೋಡವೂ ಅಲ್ಲೇ. ಅಲ್ಲಿಂದ ತಿರುಗಿ, ಸೆರಗಿನಿಂದ ಮುಖ ಬಡಿದುಕೊಳ್ಳುತ್ತ, ಕಿರುಚುತ್ತ, ನಮ್ಮ ಬಾಗಿಲಿಗೆ ಬಂದರು. ಬಂದವರು ಹೊಸ್ತಿಲ ಹೊರಗೆ ನಿಂತುಬಿಟ್ಟರು. ತಲೆ, ಕತ್ತು, ತೋಳು, ಎಲ್ಲೆಡೆ ಹುಳ ಮುತ್ತಿದ್ದವು. ಆದರೂ ಕಾಲು ಮುಂದೆ ಬರುತ್ತಿಲ್ಲ. ಅಂಥ ಹೊತ್ತಿನಲ್ಲೂ ಆಕೆಗೆ ನಮ್ಮ ಹೊಸ್ತಿಲು ನೆನಪಿತ್ತು.

ರೆಟ್ಟೆ ಹಿಡಿದು ಎಳೆದುಕೊಂಡೆ. ಆಕೆ ಮುಗ್ಗರಿಸಿ ಅಕ್ಕಿಯ ಮೊರದ ಮೇಲೆ ಬಿದ್ದರು. ಬಾಗಿಲು ಹಾಕಿ ಸಂದಿಗೆ ಹಾಸಿಗೆಯ ಚಾದರ ತುರುಕಿದೆ. ಜೊತೆಗೆ ಒಳಬಂದ ಹುಳಗಳು ನನಗೂ ಕಚ್ಚಿದವು, ಕುತ್ತಿಗೆಗೆ, ಕೈಗೆ, ತಲೆಯ ಬೈತಲೆಗೆ. ಫ್ಯಾನು ಜೋರಾಗಿ ಹಾಕಿ, ಆಕೆಯ ಮೇಲೆ ಕಂಬಳಿ ಎಸೆದು, ಪೊರಕೆಯಿಂದ ಗೋಡೆ, ನೆಲ, ಕಂಬಳಿ ಎಂದು ನೋಡದೆ ಬಡಿದೆ. ಒಂದಿಷ್ಟು ಏಟು ಆಕೆಗೂ ಬಿದ್ದಿರಬೇಕು. ಕೊನೆಯ ಹುಳ ಸತ್ತ ಮೇಲೆ ಆಕೆಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಗೋಡೆಗೆ ಒರಗಿಸಿ ಕೂರಿಸಿದೆ.

ಮುಖ ಗುರುತು ಸಿಗದಷ್ಟು ಊದಿತ್ತು. ಕೊಂಡಿಗಳು ಕರಿಯ ಮುಳ್ಳಿನಂತೆ ಎದ್ದು ಕಾಣುತ್ತಿದ್ದವು. ಉಗುರಿನಿಂದ ಹಿಂಡಿದರೆ ವಿಷ ಒಳಗಿಳಿಯುತ್ತದೆ ಎಂದು ಕೇಳಿದ್ದೆ. ಬಸ್ ಪಾಸಿನ ಅಂಚಿನಿಂದ ಕೆರೆದು ಕೆರೆದು ತೆಗೆದೆ. ನಾನು ಮುಟ್ಟಿದಲ್ಲೆಲ್ಲ ಆಕೆ ಕುಗ್ಗುತ್ತಿದ್ದರು. ನೋವಿಗೋ, ಬೇರೆ ಯಾವುದಕ್ಕೋ ನಾನು ಕೇಳಲಿಲ್ಲ. ಒಂದೂ ಸಮಾಧಾನದ ಮಾತು ನನ್ನ ಬಾಯಿಂದ ಬರಲಿಲ್ಲ. ಕೈ ಮಾತ್ರ ಕೆಲಸ ಮಾಡುತ್ತಿತ್ತು.

ಸ್ವಲ್ಪ ಹೊತ್ತಿಗೆ ಆಕೆ ಬಾಯಿಯ ಹತ್ತಿರ ಕೈ ಒಯ್ದು ನೀರು ಎಂದು ಸನ್ನೆ ಮಾಡಿದರು. ಮೂಲೆಯ ಕೊಡದಿಂದ ಲೋಟಕ್ಕೆ ಬಗ್ಗಿಸಿ ಆಕೆಯ ಮುಂದೆ ಹಿಡಿದೆ. ಹಿಡಿದು, ಅನ್ನದೆ ಇರಲಾರದೆ ಅಂದೆ:

"ನಮ್ಮ ಕೊಡದ ನೀರಿದು. ಕುಡಿತೀರೇನು?"

ಊದಿದ ರೆಪ್ಪೆಗಳ ನಡುವಿನಿಂದ ಆಕೆ ನನ್ನನ್ನು ನೋಡಿದರು. ಆ ನೋಟದಲ್ಲಿ ಬೇಡಿಕೆ ಇತ್ತು, ಅದರಷ್ಟೇ ಸಿಟ್ಟೂ ಇತ್ತು. ಎರಡೂ ಕೈಯಿಂದ ಲೋಟ ಕಸಿದುಕೊಂಡು ಕುಡಿದರು. ಮತ್ತೆ ಕೇಳಿದರು. ಮತ್ತೆ ಕೊಟ್ಟೆ. ಆಮೇಲೆ ವಾಂತಿ ಮಾಡಿಕೊಂಡರು. ಬಳಿದು ಹಾಕಿದೆ.

ಆಂಬುಲೆನ್ಸಿಗೆ ಫೋನ್ ಮಾಡಿದೆ. ಬಂದರು, ಆದರೆ ಗಾಡಿಯಿಂದ ಇಳಿಯಲು ಹುಳ ಬಿಡಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದವರೂ ಮನೆಗಳಿಗೆ ನುಗ್ಗಿ ಬಾಗಿಲು ಹಾಕಿಕೊಂಡಿದ್ದರು. ಫೋನಿನಲ್ಲೇ, ಉಸಿರು ಕಟ್ಟುತ್ತಿದೆಯೇ, ಮಾತು ಬರುತ್ತಿದೆಯೇ ಎಂದು ಕೇಳಿ, ಮಲಗಿಸಿ ಕಾಲಿನ ಕೆಳಗೆ ದಿಂಬು ಇಡಲು ಹೇಳಿದರು. ಇಟ್ಟೆ. ಆಮೇಲೆ ಮಾಲೀಕರಿಗೆ ಫೋನ್ ಮಾಡಿದೆ.

"ಅಕಿ ಎಲ್ಲಿದಾಳ ಈಗ?" ಎಂದರು ಗಾಬರಿಯಿಂದ.

"ನಮ್ಮ ಅಡಿಗಿ ಮನ್ಯಾಗ."

"ಅಡಿಗಿ ಮನ್ಯಾಗ ಯಾಕ?" ಎಂದು ಕೇಳಿದರು.

"ಹೊರಗ ಸಾಯಾಕ ಬಿಡಬೇಕಿತ್ತೇನ್ರಿ?" ಎಂದು ಫೋನಿಟ್ಟೆ.

ಅವರು ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಹುಳಗಳೂ ಒಂದೊಂದಾಗಿ ಗೂಡಿಗೆ ಮರಳುತ್ತಿದ್ದವು. ಆಂಬುಲೆನ್ಸಿನವರು ಮೈತುಂಬ ಹೊದ್ದುಕೊಂಡು ಬಾಗಿಲಿಗೆ ಬಂದು ಆಕೆಯನ್ನು ನನ್ನ ಕಂಬಳಿಯಲ್ಲಿಯೇ ಸುತ್ತಿ ನಡೆಸಿಕೊಂಡು ಹೋದರು. ಮಾಲೀಕರು ಗೇಟಿನ ಹೊರಗೆ ಕಾರಿನ ಪಕ್ಕ ನಿಂತಿದ್ದರು. ನನ್ನ ಮುಖವೂ ಊದಿತ್ತು. ಅದನ್ನು ನೋಡಿದರು, ಏನೂ ಕೇಳಲಿಲ್ಲ. ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಶಿಫ್ಟು ಬಿಟ್ಟು ಓಡಿಬಂದ ನನ್ನ ಗಂಡ.

ಮಾರನೆಯ ಸಂಜೆ ಅದೇ ಜೇನಿನವನು ಅದೇ ಹುಲ್ಲಿನ ಸಿವುಡು ಹೊತ್ತು ಬಂದ. ಈ ಸಲ ಕರೆಸಿದವರು ಮಾಲೀಕರು. ಹೊಗೆ ಹಾಕಿ, ಬೆಂಕಿ ಹಿಡಿದು, ಕತ್ತಲಾಗುವಷ್ಟರಲ್ಲಿ ಗೂಡು ಕಡಿದು ಇಳಿಸಿದ. ಲಕ್ಷ್ಮಿಯ ಮಾತು ಯಾರೂ ಎತ್ತಲಿಲ್ಲ. ಬೆಳಿಗ್ಗೆ ನಲ್ಲಿಯ ಸುತ್ತ ರೆಕ್ಕೆ ಸುಟ್ಟ ಹುಳಗಳು ರಾಶಿ ಬಿದ್ದಿದ್ದವು. ಕೆಲವು ಇನ್ನೂ ತೆವಳುತ್ತಿದ್ದವು. ನಾನೇ ಗುಡಿಸಿ ಮೊರದಲ್ಲಿ ತುಂಬಿ ಹೊರಗೆ ಚೆಲ್ಲಿದೆ. ಅವುಗಳ ಮೇಲೆ ನನಗೆ ಕನಿಕರ ಬರಲಿಲ್ಲ. ಪಕ್ಕದ ಖಾಲಿ ಸೈಟಿನಲ್ಲಿ ಚೆಲ್ಲಲು ಹೋದಾಗ ಅಲ್ಲಿ ಜಾಲಿಯ ಗಿಡದ ಬುಡಕ್ಕೆ ನನ್ನ ಕಂಬಳಿ ಬಿದ್ದಿತ್ತು. ಮದುವೆಯಲ್ಲಿ ಅವ್ವ ಕೊಟ್ಟ ಕಂಬಳಿ. ಆಸ್ಪತ್ರೆಯಿಂದ ತಂದು ಮೇಲಿನಿಂದ ಎಸೆದಿದ್ದರು, ಅಷ್ಟು ದೂರ ಹೋಗಿ ಬಿದ್ದಿತ್ತು. ಎತ್ತಿಕೊಂಡು ಬಂದು ಆ ಕಲ್ಲಿನ ಮೇಲೆಯೇ ಒಗೆದು, ಎಲ್ಲರಿಗೂ ಕಾಣುವಂತೆ ಗೇಟಿನ ಮೇಲೆ ಹರವಿದೆ.

ಆಕೆ ಕೆಲವು ದಿನ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡು ಬಂದರು. ಬಂದ ದಿನವೇ ಮೇಲೆ ಹೋಮದ ಹೊಗೆ ಎದ್ದಿತು. ಯಾತಕ್ಕೆ ಎಂದು ಯಾರೂ ನಮಗೆ ಹೇಳಬೇಕಾಗಿರಲಿಲ್ಲ. ಅದಾದ ಮೇಲೆ ಮಾಲೀಕರು ಮೊದಲ ಸಲ ನಮ್ಮ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ, ನಾವೂ ಕರೆಯಲಿಲ್ಲ.

"ಮಗಳು ಅಳಿಯ ಇಲ್ಲಿಗೇ ಬಂದು ಇರ್ತಾರಂತ. ಮನಿ ಬೇಕಾಗೈತಿ," ಅಂದರು ನನ್ನ ಗಂಡನಿಗೆ.

"ನಿಮ್ಮ ಹೆಂಡ್ತಿ ಜೀವ ಉಳಿಸಿದ್ದಕ್ಕೇನ್ರಿ ಇದು?" ಎಂದೆ ನಾನು.

"ನೀವು ಮಾಡಿದ್ದು ತಪ್ಪು ಅಂತ ನಾ ಎಲ್ಲಿ ಅಂದೆ ಟೀಚರಮ್ಮ? ಒಳಗ ಕರ್ಕಂಡ್ರಿ, ಸರಿ. ನೀರು ಯಾಕ ಕುಡಿಸಿದ್ರಿ? ಅಕಿ ಜ್ವರದಾಗ ಅದನ್ನೇ ಬಡಬಡಿಸಿದ್ಳು. ಬಂದ ಬೀಗರೆಲ್ಲ ಕೇಳಿಸ್ಕಂಡ್ರು. ನಾವು ನಾಕು ಮಂದಿ ನಡುವ ಬಾಳ್ವೆ ಮಾಡಾವ್ರು."

ನನ್ನ ಗಂಡ ಮುಂದೆ ಬಂದ. ಹೊಡೆದುಬಿಡುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ. "ನೀರು ಅವ್ರೇ ಕೇಳಿ ಕುಡದಾರ. ಎರಡು ಸಲ. ಅದನ್ನೂ ನಿಮ್ಮ ಬೀಗರಿಗೆ ಹೇಳ್ರಿ," ಎಂದ. ಮಾಲೀಕರು ಮೆಟ್ಟಿಲು ಹತ್ತಿ ಹೋದರು. ದೂರು ಕೊಡೋಣ ಎಂದು ಗಂಡ ಅಂದ. ನಾನು ಆ ಅಂಗಳದಲ್ಲಿ ಇನ್ನೊಂದು ಬೇಸಿಗೆ ಕಳೆಯಲು ತಯಾರಿರಲಿಲ್ಲ. ಹುಳಗಳಿದ್ದಷ್ಟು ದಿನ ಹಟವಿತ್ತು. ಅವು ಹೋದ ಮೇಲೆ ಹೇಸಿಗೆಯೊಂದೇ ಉಳಿಯಿತು.

ಮನೆ ಹುಡುಕಲು ಕಂಪ್ಲಿಗೆ ಹೋದೆವು. ಈ ಸಲ ನಾವು ಬೌದ್ಧರು ಎಂದು ಹೇಳಿ ಸುಮ್ಮನಾಗಲಿಲ್ಲ. ಮನೆ ನೋಡುವ ಮೊದಲೇ ನಾನು ನಮ್ಮ ಜಾತಿಯ ಹೆಸರು, ಮೆಟ್ರಿಯ ನಮ್ಮ ಓಣಿಯ ಹೆಸರು ಹೇಳಿಬಿಡುತ್ತಿದ್ದೆ. ಒಂದು ಕಡೆ, ನಿನ್ನೆಯೇ ಬೇರೆಯವರಿಗೆ ಆಯಿತು ಎಂದರು. ಇನ್ನೊಂದು ಕಡೆ ಬೀಗದ ಕೈ ಸಿಗುತ್ತಿಲ್ಲ ಎಂದರು. ಮೂರನೆಯ ಮನೆಯಲ್ಲಿ ಒಬ್ಬ ಅಜ್ಜಿ ಶೇಂಗಾ ಸುಲಿಯುತ್ತ ಕೂತಿದ್ದಳು. ನಾನು ಹೇಳಿದ್ದೆಲ್ಲ ಕೇಳಿಸಿಕೊಂಡು, "ಅದಿರ್ಲಿ, ನಾಯಿ ಸಾಕ್ತೀರೇನು? ನನಗ ನಾಯಿ ಆಗಂಗಿಲ್ಲ," ಅಂದಳು. ಇಲ್ಲ ಎಂದೆವು. ಮನೆ ಕೊಟ್ಟಳು. ಈಗಲೂ ಅಲ್ಲಿಯೇ ಇದ್ದೇವೆ.

ದಸರಾ ರಜೆಯಲ್ಲಿ ಹೊಸಪೇಟೆಗೆ ಏನೋ ಕೆಲಸಕ್ಕೆ ಹೋಗಿ ಬಸ್ ನಿಲ್ದಾಣದಲ್ಲಿ ಕಂಪ್ಲಿ ಬಸ್ಸಿಗೆ ಕಾಯುತ್ತಿದ್ದೆ. ಯಾರೋ ಪಕ್ಕಕ್ಕೆ ಬಂದು ನಿಂತಂತಾಯಿತು. ನೋಡಿದರೆ ಮಾಲೀಕರ ಹೆಂಡತಿ. ಒಬ್ಬರೇ ಇದ್ದರು. ಕೆನ್ನೆಯ ಮೇಲೆ ಇನ್ನೂ ಕಂದು ಕಲೆಗಳಿದ್ದವು. ಅತ್ತ ಇತ್ತ ನೋಡಿ ದನಿ ತಗ್ಗಿಸಿದರು.

"ಆರಾಮ ಇದ್ದೀರೇನಮ್ಮ? ಅವತ್ತು ನೀವಿರದಿದ್ರ ನಾ ಉಳಿತಿದ್ದಿಲ್ಲ."

"ಇದನ್ನ ಇಲ್ಲಿ ನನ್ನ ಕಿವ್ಯಾಗ ಯಾಕ ಹೇಳ್ತೀರಿ?" ಎಂದೆ. ಪಕ್ಕದಲ್ಲಿದ್ದವರು ತಿರುಗಿ ನೋಡಿದರು. "ಅವತ್ತು ನಿಮ್ಮ ಗಂಡನ ಮುಂದ, ಬೀಗರ ಮುಂದ ಹೇಳಬೇಕಿತ್ತು."

ಬಸ್ಸು ಬಂತು. ಜನರ ನಡುವೆ ನುಗ್ಗಿ ಹತ್ತಿ, ಆಚೆ ಬದಿಯ ಕಿಟಕಿಯ ಹತ್ತಿರ ಸೀಟು ಹಿಡಿದು ಕೂತೆ.